ಭಟ್ಟಿ ಗೋಡೆಯ ಹುಡುಗರು

ರಾತ್ರಿ ಕೆಲಸದವನಿಗೆ ಇಂಥ ಪ್ರಸಂಗಗಳು ತಪ್ಪಿದ್ದಲ್ಲ. ಹಗಲು ದುಡಿಯುವವರಿಗೆ ನಗುವುದಕ್ಕೆ ಹೆಂಡತಿ ಮಕ್ಕಳು, ಅಕ್ಕಪಕ್ಕದವರು, ಬಸ್ಸಿನ ಕಂಡಕ್ಟರು, ಹೀಗೆ ಯಾರಾದರೂ ಇರುತ್ತಾರೆ. ಊರು ಮಲಗಿದ ಮೇಲೆ ಎದ್ದು ಹಿಟ್ಟು ನಾದುವವನಿಗೆ ಯಾರಿದ್ದಾರೆ? ಸಿಕ್ಕವರ ಜೊತೆ ನಗಬೇಕು. ನನಗೆ ಸಿಕ್ಕವರು, ಆಗಷ್ಟೇ ಮೀಸೆ ಮೂಡುತ್ತಿದ್ದ ಪಡ್ಡೆ ಹುಡುಗರು.

ಎಂಬತ್ತರ ದಶಕದ ಮಾತು. ನಾನು ಬೂದಿಕೋಟೆ ಕಡೆಯ ರೈತರ ಮನೆಯವನು. ಹೊಲವನ್ನೂ ಹಸುಗಳನ್ನೂ ನೋಡಿಕೊಳ್ಳಲು ಅಣ್ಣನೊಬ್ಬನೇ ಸಾಕಾಗಿತ್ತು. ನಾನು ಮನೆಯಲ್ಲಿ ಹೆಚ್ಚುವರಿ. ಹಾಗಾಗಿ ಕೆ.ಜಿ.ಎಫ್.ಗೆ ಬಂದು ಚಾಂಪಿಯನ್ ರೀಫ್ಸ್‌ನ ಒಂದು ಬೇಕರಿ ಸೇರಿಕೊಂಡೆ. ಅದರ ಯಜಮಾನರನ್ನು ಊರೆಲ್ಲ ಮುದಲಾಳಿ ಎನ್ನುತ್ತಿತ್ತು. ಅವರು ಸಂಜೆ ಅಂಗಡಿಗೆ ಬೀಗ ಹಾಕಿ ಮನೆಗೆ ಹೋದರೆ ಒಳಗೆ ಉಳಿಯುವವನು ನಾನೊಬ್ಬನೇ. ರಾತ್ರಿಯಿಡೀ ಹಿಟ್ಟು, ಸೌದೆ, ಬ್ರೆಡ್ಡು ಬೇಯಿಸುವ ಭಟ್ಟಿ. ಹಗಲೆಲ್ಲ ಮೈದಾ ಮೂಟೆಗಳ ನಡುವೆ ನಿದ್ದೆ. ಎಷ್ಟೋ ಸಲ ಬೆಳಗಿನ ಜಾವ ಬ್ರೆಡ್ಡು ಹೊರತೆಗೆಯುವಾಗ, ನಿನ್ನೆಯಿಂದ ಯಾರ ಹತ್ತಿರವೂ ಒಂದು ಮಾತಾಡಿಲ್ಲವಲ್ಲ ಎಂದು ನೆನಪಾಗುತ್ತಿತ್ತು. ಆಗ ಬ್ರೆಡ್ಡಿನ ಹತ್ತಿರವೇ ಮಾತಾಡುತ್ತಿದ್ದೆ. ಅದು ಎದುರು ಮಾತಾಡುವುದಿಲ್ಲ, ಅಷ್ಟು ಒಳ್ಳೆಯದು.

ಈಗ ಬಂಗಾರಪೇಟೆಯಲ್ಲಿ ನನ್ನದೇ ಸಣ್ಣ ಅಂಗಡಿ ಇದೆ. ಕರೆಂಟಿನ ಒಲೆ. ಅದರ ಹಿಂದಿನ ಗೋಡೆ ಬಿಸಿಯಾಗುವುದೇ ಇಲ್ಲ. ಬಿಸಿಯಾಗದ ಗೋಡೆಗೆ ಯಾರು ಬಂದು ಒರಗುತ್ತಾರೆ? ಅದಕ್ಕೇ ಕೂತು ಇದನ್ನೆಲ್ಲ ನೆನೆಸಿಕೊಳ್ಳುವುದು.

ಗೋಡೆಗೆ ತಟ್ಟಿದ ಬೆರಣಿ

ಕೆಲಸಕ್ಕೆ ಸೇರಿದ ಹೊಸತು. ನಡುರಾತ್ರಿ ಭಟ್ಟಿಯ ಹಿಂದುಗಡೆ ಪಿಸುಪಿಸು ಸದ್ದು. ಕಳ್ಳರೇ ಸರಿ ಎಂದು, ಬ್ರೆಡ್ಡು ಹೊರತೆಗೆಯುವ ಉದ್ದ ಹಿಡಿಯ ಮರದ ಸಲಿಕೆ ಎತ್ತಿಕೊಂಡು ಹಿತ್ತಲಿಗೆ ಹೋದೆ. ನೋಡಿದರೆ ಸಾಲಾಗಿ ಹುಡುಗರು. ಬೆನ್ನು ಗೋಡೆಗೆ ಅಂಟಿಸಿ, ಬೆರಣಿ ತಟ್ಟಿದ ಹಾಗೆ ನಿಂತಿದ್ದಾರೆ.

"ಯಾರ್ಲಾ ಅದು? ಈ ಒತ್ನಲ್ಲಿ ಏನ್ಲಾ ಮಾಡ್ತಿದ್ದೀರಾ?"

"ಬೆನ್ನು ಕಾಯ್ಸ್ಕೋತಾ ಇದ್ದೀವಣ್ಣ," ಎಂದ ಅವರಲ್ಲಿ ಎಲ್ಲರಿಗಿಂತ ಉದ್ದನೆಯವನು.

"ಮನೆಗೋಗ್ರಲಾ!"

"ಮನೇಲಿ ಜಾಗ ಇಲ್ಲಣ್ಣ. ಅಪ್ಪ ಮಲ್ಗವ್ರೆ."

ಅದು ಸುಳ್ಳಲ್ಲ. ಗಣಿ ಕೆಲಸದವರ ಲೈನುಮನೆ ಎಂದರೆ ಒಂದೇ ಕೋಣೆ. ಅಪ್ಪ ಪಾಳಿ ಮುಗಿಸಿ ಬಂದು ಕಾಲು ಚಾಚಿದರೆ ಅಮ್ಮನೂ ಸಣ್ಣ ಮಕ್ಕಳೂ ಹೇಗೋ ಸಂದಿಯಲ್ಲಿ ಹಿಡಿಸುತ್ತಾರೆ. ಎದೆಯೆತ್ತರ ಬೆಳೆದ ಮಗ ಹಿಡಿಸುವುದಿಲ್ಲ. ಹೊರಗೆ ಹಾಕಿದರು ಎಂದು ಯಾರೂ ಬೈಯುವ ಹಾಗಿಲ್ಲ, ಇವನೇ ಮೆಲ್ಲಗೆ ಎದ್ದು ಬರುತ್ತಾನೆ. ಕೆ.ಜಿ.ಎಫ್. ಚಳಿಯಲ್ಲಿ ಇಡೀ ಊರಿಗೆ ಬೆಚ್ಚಗಿದ್ದದ್ದು ನಮ್ಮ ಭಟ್ಟಿ ಗೋಡೆಯೊಂದೇ.

ಆ ಗೋಡೆಯಲ್ಲಿ ನಟ್ಟನಡುವೆ, ಬೆಂಕಿಯ ನೇರಕ್ಕೆ, ಒಬ್ಬನಿಗಾಗುವಷ್ಟು ಜಾಗ ಮಾತ್ರ ಹದವಾಗಿ ಬಿಸಿ. ಅದಕ್ಕೆ ದಿನಾ ಜಗಳ. ಕೊನೆಗೆ ಅವರೇ ಒಂದು ಕಾನೂನು ಮಾಡಿಕೊಂಡರು. ಮಾರನೆಯ ದಿನ ಯಾರಿಗೆ ಪರೀಕ್ಷೆಯೋ ಅವನಿಗೆ ನಡುವಿನ ಜಾಗ, ಪಾಪ, ಓದಬೇಕಲ್ಲ. ನ್ಯಾಯವಾಗಿದೆ ಎಂದು ನಾನೂ ತಲೆಯಾಡಿಸಿದೆ. ಅಂದಿನಿಂದ ವರ್ಷವಿಡೀ ಆ ಉದ್ದನೆಯವನಿಗೆ ದಿನಾ ಪರೀಕ್ಷೆ. ನನಗೆ ಎಷ್ಟು ಕನಿಕರವಾಯಿತೆಂದರೆ, ಪಾಸಾಗಲಿ ಎಂದು ದಿನಕ್ಕೊಂದು ಬನ್ನು ಬೇರೆ ಕೊಡುತ್ತಿದ್ದೆ. ಅವನು ಶಾಲೆ ಬಿಟ್ಟು ಎರಡು ವರ್ಷವಾಗಿತ್ತು ಎಂದು ನನಗೆ ಹೇಳಿದ್ದು ಅವನ ಮೇಷ್ಟ್ರು, ಬ್ರೆಡ್ಡು ಕೊಳ್ಳಲು ಬಂದಾಗ.

ಮುದಲಾಳಿ ಕಾವಲು ಕೂತದ್ದು

ಹುಡುಗರು ಹಿತ್ತಲಲ್ಲಿ ಸೇರುವ ಸುದ್ದಿ ಮುದಲಾಳಿಯ ಕಿವಿಗೆ ಬಿತ್ತು. "ಇವತ್ತು ಬನ್ನು, ನಾಳೆ ಗಲ್ಲಾ ಪೆಟ್ಟಿಗೆ. ನಾನೇ ಬಂದು ಹಿಡೀತೀನಿ," ಎಂದರು. ಆ ರಾತ್ರಿ ಮಫ್ಲರು ಸುತ್ತಿಕೊಂಡು, ದೊಣ್ಣೆ ಹಿಡಿದುಕೊಂಡು ಬಂದೇ ಬಂದರು. "ಒಳಗೆ ನೀನು ಕೆಮ್ಮಲೂ ಬೇಡ," ಎಂದು ನನಗೆ ಹೇಳಿ, ಹಿತ್ತಲಲ್ಲಿ ಗೋಡೆಗೆ ಒರಗಿ ಕೂತರು. ಕೂತದ್ದು ಎಲ್ಲಿ? ನಟ್ಟನಡುವೆ, ಪರೀಕ್ಷೆಯ ಜಾಗದಲ್ಲಿ.

ಹುಡುಗರು ಸಿಕ್ಕಿಬಿದ್ದರೆ ನಾಳೆಯಿಂದ ಮತ್ತೆ ಬ್ರೆಡ್ಡಿನ ಹತ್ತಿರವೇ ಮಾತು. ಹಿಟ್ಟು ನಾದುತ್ತಾ ಕಿವಿಯನ್ನೆಲ್ಲ ಹಿಂದಕ್ಕೇ ಇಟ್ಟಿದ್ದೆ. ಕೂಗಿಲ್ಲ, ಬೈಗುಳವಿಲ್ಲ. ಸ್ವಲ್ಪ ಹೊತ್ತಿಗೆ ಗೊರಕೆ ಕೇಳಿಸಿತು.

ಬಾಗಿಲ ಸಂದಿಯಿಂದ ಇಣುಕಿದೆ. ಹುಡುಗರು ಬಂದು ಮುದಲಾಳಿಯ ಸುತ್ತ ನಿಂತಿದ್ದಾರೆ. "ನಮ್ ಜಾಗ ಓಯ್ತು," ಎಂದು ಉದ್ದನೆಯವನು ಗೊಣಗಿದ. "ವಯಸ್ಸಾದೋರು, ಇರ್ಲಿ ಬಿಡೋ," ಎಂದ ದಪ್ಪ ಕನ್ನಡಕದವನು. ಮೂರನೆಯವನು, ಯಾವಾಗಲೂ ಜೇಬಿನಲ್ಲಿ ಮೌತ್ ಆರ್ಗನ್ ಇಟ್ಟುಕೊಂಡಿರುವವನು, ಒಂದು ಖಾಲಿ ಗೋಣಿ ತಂದು ಅವರ ಹೆಗಲಿಗೆ ಹೊದಿಸಿದ. ದೊಣ್ಣೆ ಜಾರಿ ಬಿದ್ದಿತ್ತು, ಎತ್ತಿ ತೊಡೆಯ ಮೇಲಿಟ್ಟ. ಆಮೇಲೆ ಹುಡುಗರೆಲ್ಲ ಅಕ್ಕಪಕ್ಕದಲ್ಲೇ ಬೆನ್ನು ಕಾಯಿಸಿಕೊಂಡು, ಬೆಳಗಾಗುವ ಮುಂಚೆ ಹೊರಟುಹೋದರು.

ಮುದಲಾಳಿ ಕಣ್ಣುಜ್ಜುತ್ತಾ ಒಳಗೆ ಬಂದರು. "ನೋಡಿದ್ಯಾ? ರಾತ್ರಿಯೆಲ್ಲ ಕಣ್ಣು ಮುಚ್ಚದೆ ಕೂತಿದ್ದೆ. ನನಗೆ ಹೆದರಿ ಒಬ್ಬನೂ ಬರಲಿಲ್ಲ!"

"ಔದು ಮುದಲಾಳಿ," ಎಂದೆ.

ಅವರು ಹೆಗಲ ಮೇಲಿನ ಗೋಣಿಯನ್ನು ನೋಡಿಕೊಂಡರು. ನನ್ನನ್ನೂ ನೋಡಿದರು. ಮತ್ತೆ ಅದನ್ನು ಮಡಚಿಟ್ಟು, "ಇದು ಅಲ್ಲೇ ಇರಲಿ, ನಾಳೇನೂ ಕಾವಲು ಕೂರಬೇಕು," ಎಂದರು.

ಹೊಡೆತ ತಿಂದು ನಕ್ಕವನು

ಗಣಿಯ ಆಳದಲ್ಲಿ ಬಂಡೆ ಸಿಡಿದರೆ ಮೇಲೆ ಊರು ನಡುಗುತ್ತದೆ. ಇದು ನನಗೆ ಯಾರೂ ಹೇಳಿರಲಿಲ್ಲ. ಒಂದು ರಾತ್ರಿ ಕಪಾಟಿನ ತಟ್ಟೆಗಳೆಲ್ಲ ಗಲಗಲ ಎಂದವು. ಕಾಲ ಕೆಳಗಿನ ನೆಲ ಸರಿದ ಹಾಗಾಯಿತು. "ಭೂಕಂಪ! ಭೂಕಂಪ!" ಎಂದು ಕಿರುಚುತ್ತಾ, ಎರಡೂ ಕೈಯಲ್ಲಿ ಹಿಟ್ಟು ಜೋತಾಡಿಸಿಕೊಂಡು ಹಿತ್ತಲಿಗೆ ಓಡಿದೆ. ಹುಡುಗರು ಬಿದ್ದು ಬಿದ್ದು ನಗುತ್ತಾರೆ ಎಂದುಕೊಂಡಿದ್ದೆ. ಯಾರೂ ನಗಲಿಲ್ಲ.

ಕನ್ನಡಕದವನು ಮೆಲ್ಲಗೆ ಹೇಳಿದ: "ಭೂಕಂಪ ಅಲ್ಲಣ್ಣ. ಕೆಳಗಡೆ ಬಂಡೆ ಸಿಡ್ದದೆ. ಇವ್ನಪ್ಪ ಕೆಳ್ಗವ್ರೆ."

ಇವನಪ್ಪ ಎಂದರೆ ಉದ್ದನೆಯವನ ಅಪ್ಪ. ಅವನು ಗೋಡೆ ಬಿಟ್ಟು ದೂರ ಹೋಗಿ ನಿಂತಿದ್ದ. ಗಣಿಯಲ್ಲಿ ಅನಾಹುತವಾದರೆ ಹೊತ್ತಲ್ಲದ ಹೊತ್ತಲ್ಲಿ ಸೈರನ್ನು ಕೂಗುತ್ತದಂತೆ. ನಾವೆಲ್ಲ ಅದು ಕೂಗದಿರಲಿ ಎಂದು ಕಿವಿ ಕೊಟ್ಟು ನಿಂತೆವು. ಸುಮ್ಮನಿರುವುದನ್ನು ಅಷ್ಟು ಹೊತ್ತು ಕೇಳಿಸಿಕೊಂಡದ್ದು ನನ್ನ ಜನ್ಮದಲ್ಲಿ ಅದೊಂದೇ ಸಲ. ಕೈಯ ಹಿಟ್ಟು ಒಣಗಿ ಬಿರುಕು ಬಿಟ್ಟಿತು.

ಸೈರನ್ನು ಕೂಗಲಿಲ್ಲ. ಪಾಳಿ ಬಿಟ್ಟವರು ಒಬ್ಬೊಬ್ಬರೇ ಬೀದಿಯಲ್ಲಿ ಕಾಣಿಸಿಕೊಂಡರು. ಅವರ ನಡುವೆ ಊಟದ ಡಬ್ಬ ಹಿಡಿದುಕೊಂಡು ಉದ್ದನೆಯವನ ಅಪ್ಪ. ಆಸಾಮಿಗೆ ಮೈಯೆಲ್ಲ ಧೂಳು, ಎದುರಿಗೆ ಮಗ. ನೇರ ಬಂದವರೇ ಫಟ್ ಎಂದು ಕೆನ್ನೆಗೆ ಬಿಟ್ಟರು.

"ಈ ಒತ್ನಲ್ಲಿ ಬೀದೀಲಿ ಏನ್ಲಾ ನಿಂಗೆ ಕೆಲ್ಸ?"

ಹುಡುಗ ಕೆನ್ನೆ ಹಿಡಿದುಕೊಂಡು ನಗತೊಡಗಿದ. ಅಪ್ಪನಿಗೆ ಇನ್ನೂ ಸಿಟ್ಟು ಬಂದು ಮತ್ತೊಂದು ಬಿಟ್ಟರು. ಇವನು ಇನ್ನೂ ನಕ್ಕ. ನಮಗೂ ತಡೆಯಲಾಗದೆ ಎಲ್ಲರೂ ನಕ್ಕೆವು. ನಮ್ಮಪ್ಪ ತೀರಿಕೊಂಡು ಆಗಲೇ ಬಹಳ ವರ್ಷವಾಗಿತ್ತು. ನನ್ನನ್ನು ಹಾಗೆ ಬೀದಿಯಲ್ಲಿ ನಿಲ್ಲಿಸಿ ಹೊಡೆಯುವವರು ಯಾರೂ ಇಲ್ಲವಲ್ಲ ಎನಿಸಿತು. ಮುಖ ಸಪ್ಪಗಾದದ್ದು ಕಂಡಿರಬೇಕು, ಆ ಅಪ್ಪ ನನ್ನ ಕಡೆ ತಿರುಗಿ, "ನೀನ್ಯಾಕಪ್ಪ ಅಂಗ್ ನೋಡ್ತೀಯಾ? ನಿಂಗೂ ಬೇಕಾ ಒಂದು?" ಎಂದರು. ಬೇಡ ಎನ್ನಲು ನಾನು ಸ್ವಲ್ಪ ತಡ ಮಾಡಿದೆ. ಕೊಟ್ಟೇಬಿಟ್ಟರು.

ಊರಿಗೆ ಹೋಗಿ ಬಂದದ್ದು

ಹೀಗೇ ಒಂದು ಸಲ ರಜ ಹಾಕಿ, ಬಂಗಾರಪೇಟೆಯಲ್ಲಿ ಬಸ್ಸು ಬದಲಿಸಿ ಊರಿಗೆ ಹೋದೆ. ಅತ್ತಿಗೆ ಹುರುಳಿ ಸಾರು ಮಾಡಿದರು, ಅಣ್ಣ ಹೊಸ ಕರು ತೋರಿಸಿದ. ಎಲ್ಲರೂ ಬೇಗ ಮಲಗಿದರು. ನನಗೆ ನಿದ್ದೆ ಎಲ್ಲಿಂದ ಬರಬೇಕು? ರಾತ್ರಿ ಎಂದರೆ ನನ್ನ ಕೈಗೆ ಕೆಲಸದ ಹೊತ್ತು. ಕತ್ತಲಲ್ಲಿ ಕೂತು ಕೂತು ಬೇಸರ ಬಂತು, ಮಾತಾಡೋಣವೆಂದರೆ ಕರು ಕೂಡ ಮಲಗಿತ್ತು. ಅಡುಗೆಮನೆಗೆ ಹೋದೆ. ಸುಮ್ಮನೆ ಒಂದು ಹಿಡಿ ರಾಗಿ ಹಿಟ್ಟಿಗೆ ನೀರು ಹಾಕಿದೆ. ಕೈಗೆ ಹಿತವಾಯಿತು. ಇನ್ನೊಂದು ಹಿಡಿ ಹಾಕಿದೆ.

ಬೆಳಿಗ್ಗೆ ಅತ್ತಿಗೆ ಎದ್ದು ನೋಡಿದರೆ, ಮನೆಯ ಹಿಟ್ಟೆಲ್ಲ ಕಲಸಿ ಗುಡ್ಡೆಯಾಗಿದೆ. ನಾನು ಬ್ರೆಡ್ಡಿನ ಅಳತೆಗೆ ಉಂಡೆ ಕಟ್ಟಿ, ಸಾಲಾಗಿ ಇಟ್ಟು, ಮೇಲೆ ಒದ್ದೆ ಬಟ್ಟೆ ಹೊದಿಸಿದ್ದೆ. ಅದು ಉಬ್ಬುತ್ತದೆ ಎಂದು ಕಾಯುತ್ತಾ ಪಕ್ಕದಲ್ಲೇ ಕೂತಿದ್ದೆ.

ಅಂದು ನಮ್ಮ ಬೀದಿಗೆಲ್ಲ ರಾಗಿ ರೊಟ್ಟಿ. ಮಿಕ್ಕದ್ದು ಹಸುಗಳಿಗೆ. ಅಣ್ಣ ನನ್ನನ್ನು ಬಸ್ಸಿಗೆ ಹತ್ತಿಸುವಾಗ ಹೆಗಲ ಮೇಲೆ ಕೈಯಿಟ್ಟು, ಬಹಳ ಪ್ರೀತಿಯಿಂದ ಹೇಳಿದ: "ಮುಂದಿನ್ ಸಲ ಬರ್ವಾಗ ಮೊದ್ಲೇ ಯೇಳ್ಲಾ. ಇಟ್ಟು ಪಕ್ಕದ್ ಮನೇಲಿ ಇಟ್ಟಿರ್ತೀವಿ."

ಗುರುತಿಲ್ಲದ ಡಬ್ಬ

ಇನ್ನು ಇದು, ನಾನು ಸಾಯುವವರೆಗೂ ಹೇಳುವ ಕತೆ.

ಕೆ.ಜಿ.ಎಫ್.ನಲ್ಲಿ ಕ್ರಿಸ್‌ಮಸ್ ಕೇಕನ್ನು ಕೊಳ್ಳುವುದಿಲ್ಲ. ಹೆಂಗಸರು ಮನೆಯಲ್ಲೇ ಹಿಟ್ಟು, ಮೊಟ್ಟೆ, ಸಕ್ಕರೆ ಕಲಸಿ, ತಗಡಿನ ಡಬ್ಬಕ್ಕೆ ಸುರಿದು ಬೇಕರಿಗೆ ಕಳಿಸುತ್ತಾರೆ. ಬ್ರೆಡ್ಡೆಲ್ಲ ಬೆಂದು ಭಟ್ಟಿಯ ಬಿಸಿ ಇಳಿದ ಮೇಲೆ ನಾವು ಅವನ್ನು ಬೇಯಿಸಿಕೊಡಬೇಕು. ಚೀಟಿ ಅಂಟಿಸಿದರೆ ಸುಟ್ಟುಹೋಗುತ್ತದೆ. ಅದಕ್ಕೆ ಪ್ರತಿ ಮನೆಯವರೂ ಡಬ್ಬದ ಮೇಲೆ ಮೊಳೆಯಿಂದ ತಮ್ಮ ಗುರುತು ಗೀಚಿರುತ್ತಾರೆ, ಒಬ್ಬರದು ಮೀನು, ಒಬ್ಬರದು ನಕ್ಷತ್ರ, ಒಬ್ಬರದು ಶಿಲುಬೆ.

ಡಬ್ಬ ತರುವವರು ನಮ್ಮ ಗೋಡೆಯ ಹುಡುಗರೇ. ರಾತ್ರಿಯೆಲ್ಲ ಹೊರಗಿರಲು ಅಮ್ಮಂದಿರೇ ಅಪ್ಪಣೆ ಕೊಡುವ ದಿನ ವರ್ಷದಲ್ಲಿ ಅದೊಂದೇ. ಜೊತೆಗೆ ಒಂದು ಎಚ್ಚರಿಕೆ: "ಡಬ್ಬದ ಮೇಲಿಂದ ಕಣ್ಣು ತೆಗೀಬೇಡ. ಬೇಕರಿಯವನು ಒಂದೊಂದು ಸೌಟು ಎತ್ಕೊಂಡ್ರೂ ಗೊತ್ತಾಗಲ್ಲ."

ಆ ವರ್ಷ ಕ್ರಿಸ್‌ಮಸ್ ದಿನ ಬೆಳಗಾಗುವಷ್ಟರಲ್ಲಿ ಎಲ್ಲ ಡಬ್ಬಗಳನ್ನೂ ಹಂಚಿದೆ. ಹುಡುಗರು ಹಬ್ಬಕ್ಕೆ ಓಡಿದರು. ಕಪಾಟಿನಲ್ಲಿ ಒಂದು ಡಬ್ಬ ಉಳಿದಿತ್ತು. ಹಳೇ ಬಿಸ್ಕತ್ತಿನ ಡಬ್ಬ, ಒಳಗೆ ಬೆಂದ ಕೇಕು. ತಿರುಗಿಸಿ ಮುರುಗಿಸಿ ನೋಡಿದೆ, ಗುರುತೇ ಇಲ್ಲ.

ಬೇಕರಿಗೆ ರಜ. ಭಟ್ಟಿ ಆರಿಸಿದ್ದೆ. ಹಿತ್ತಲಿಗೆ ಹೋಗಿ ಗೋಡೆ ಮುಟ್ಟಿದರೆ ತಣ್ಣಗಾಗುತ್ತಿತ್ತು. ಊರೆಲ್ಲ ಹೊಸ ಬಟ್ಟೆ, ಹಾಡು, ಗಂಟೆ. ಯಾವ ಮನೆಯ ಮಕ್ಕಳು ಕೇಕಿಲ್ಲದೆ ಕೂತಿದ್ದಾರೋ ಎಂದು ನನಗೆ ಚಿಂತೆಯಾಯಿತು. ನಿಜ ಹೇಳಬೇಕೆಂದರೆ ಅದಕ್ಕಿಂತ ಹೆಚ್ಚಾಗಿ, ಯಾರದಾದರೂ ಮನೆ ಬಾಗಿಲು ತಟ್ಟಲು ಒಂದು ನೆಪ ಸಿಕ್ಕಿತು. ತಲೆಯ ಮೇಲೆ ಡಬ್ಬ ಹೊತ್ತು ಹೊರಟೆ.

ಮೊದಲು ಉದ್ದನೆಯವನ ಮನೆ. ಅವನ ಅಮ್ಮ, "ನಮ್ದು ಬಂತಲ್ಲ ತಂಬಿ," ಎಂದರು. ಆದರೂ ಯಾರದಿರಬಹುದು ನೋಡೋಣ ಎಂದು ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡರು. ಮುಖ ಬದಲಾಯಿತು. "ಏಯ್! ಇದು ನನ್ನ ಏಲಕ್ಕಿ! ಇದು ನಂದೇ ಕೇಕು!"

"ನಿಮ್ದು ಬಂತು ಅಂದ್ರಲ್ಲ ಅಕ್ಕಾ?"

"ಬಂತು. ಈ ಸಲ ಯಾಕೋ ಗಿಡ್ಡಗಿದೆ ಅಂತ ಆಗಿಂದ ನೋಡ್ತಾನೇ ಇದ್ದೀನಿ!"

ಅವರು ನನ್ನ ಹಿಂದೆಯೇ ಹೊರಟರು. ಎರಡನೆಯದು ಕನ್ನಡಕದವನ ಮನೆ. ಅವನ ಅಮ್ಮ ಒಂದು ತುಂಡು ತಿಂದು, "ರಮ್ಮಿನಲ್ಲಿ ನೆನೆಸಿದ ದ್ರಾಕ್ಷಿ! ಈ ಲೈನಿನಲ್ಲಿ ರಮ್ಮು ಹಾಕೋದು ನಾನೊಬ್ಬಳೇ!" ಎಂದರು. ಅವರ ಕೇಕೂ ಗಿಡ್ಡಗಿತ್ತಂತೆ. ಮೂರನೆಯದು ಮೌತ್ ಆರ್ಗನ್ನಿನವನ ಮನೆ. ಅಲ್ಲಿ ಕಿತ್ತಳೆ ಸಿಪ್ಪೆ ಸಿಕ್ಕಿಬಿತ್ತು. ಅಷ್ಟು ಹೊತ್ತಿಗೆ ನನ್ನ ಹಿಂದೆ ಒಂದು ಮೆರವಣಿಗೆಯೇ ಆಗಿತ್ತು. ಸಿಕ್ಕ ಮನೆಯವರೆಲ್ಲ ಒಂದೊಂದು ತುಂಡು ಮುರಿಯುವುದು, ನಮ್ಮದೇ ಎನ್ನುವುದು, ಸಾಲಿಗೆ ಸೇರುವುದು. ಕದ್ದ ಮಾಲನ್ನು ತಾನೇ ತಲೆಯ ಮೇಲೆ ಹೊತ್ತು ಮನೆಮನೆಗೂ ತೋರಿಸಿ ಬಂದ ಕಳ್ಳ ನನ್ನ ಬಿಟ್ಟರೆ ಇನ್ನೊಬ್ಬ ಇರಲಾರ.

ನನ್ನನ್ನು ನೇರ ಮುದಲಾಳಿಯ ಮನೆಗೆ ನಡೆಸಿದರು. ಅವರು ಊಟ ಬಿಟ್ಟು ಎದ್ದು ಬಂದರು. "ಎಲ್ಲರ ಡಬ್ಬದಿಂದಲೂ ಕದ್ದು ತನಗೊಂದು ಕೇಕು ಮಾಡ್ಕೊಂಡವ್ನೆ," ಎಂದು ಹೆಂಗಸರೆಲ್ಲ ಒಟ್ಟಿಗೆ ಕೂಗಿದರು. ಮುದಲಾಳಿ ಒಂದು ತುಂಡು ತಿಂದು ನೋಡಿದರು. ಏಲಕ್ಕಿ, ರಮ್ಮು, ಕಿತ್ತಳೆ, ಎಲ್ಲ ಸಾಕ್ಷಿ ಹೇಳಿದವು.

"ಏನಪ್ಪಾ ಇದು?"

ನನಗೇ ಗೊತ್ತಿಲ್ಲದ್ದನ್ನು ಏನೆಂದು ಹೇಳಲಿ? "ಸಂಜೆ ಒಳಗೆ ನಿನ್ನ ಟ್ರಂಕು ಎತ್ಕೊಂಡು ಹೋಗು," ಎಂದರು ಮುದಲಾಳಿ. ಊರಲ್ಲಿ ನಾನು ಹೆಚ್ಚುವರಿ, ಇಲ್ಲಿ ಕಳ್ಳ. ಇನ್ನೆಲ್ಲಿಗೆ ಹೋಗುವುದು ಎಂದು ನೆಲ ನೋಡುತ್ತಾ ನಿಂತೆ.

"ಅವ್ನಲ್ಲ. ನಾವು."

ಕನ್ನಡಕದವನು. ಗದ್ದಲ ಕೇಳಿ ಆಗಷ್ಟೇ ಓಡಿಬಂದವನು, ಅಮ್ಮನ ಸೆರಗಿನ ಹಿಂದಿನಿಂದ ಹೊರಗೆ ಬಂದ. ಅವನ ಹಿಂದೆ ಉದ್ದನೆಯವನು, ಮೌತ್ ಆರ್ಗನ್ನಿನವನು, ಉಳಿದವರು. ಡಬ್ಬ ತರುವಾಗ ಗೋಡೆ ಹತ್ತಿರ ನಿಂತು, ಒಬ್ಬೊಬ್ಬರೂ ತಮ್ಮ ಅಮ್ಮನ ಡಬ್ಬದಿಂದ ಒಂದೊಂದು ಲೋಟ ಆ ಬಿಸ್ಕತ್ತಿನ ಡಬ್ಬಕ್ಕೆ ಸುರಿದಿದ್ದರಂತೆ.

"ಯಾಕ್ರೋ?" ಎಂದರು ಮುದಲಾಳಿ.

"ಅಣ್ಣಂಗೆ. ಊರಿಗೆಲ್ಲ ಬೇಯಿಸ್ತಾನೆ, ಅವ್ನಿಗೆ ಅಂತ ಯಾರೂ ಡಬ್ಬ ಕಳ್ಸಲ್ಲ."

"ಅದನ್ನ ಅವನಿಗೆ ಹೇಳೋಕೆ ಏನ್ರೋ ದಾಡಿ?"

ಹುಡುಗ ಅಚ್ಚರಿಯಿಂದ ನನ್ನನ್ನೇ ನೋಡಿದ. "ಯೇಳೋದ್ ಏನೈತೆ? ಎಲ್ರೂ ತಗೊಂಡ್ ಓದ್ಮೇಲೆ ಉಳ್ಯೋದು ಒಂದೇ ಡಬ್ಬ, ಅಲ್ಲಿರೋದು ಒಬ್ನೇ ಮನ್ಷ. ಅಷ್ಟೂ ಗೊತ್ತಾಗಲ್ವಾ?"

ಗೊತ್ತಾಗಿರಲಿಲ್ಲ. ಆಣೆಯಾಗಿ ಹೇಳುತ್ತೇನೆ, ಅದು ನನ್ನದಿರಬಹುದು ಎಂಬ ಯೋಚನೆ ಒಂದು ಸಲವಾದರೂ ನನ್ನ ತಲೆಗೆ ಹೊಳೆದಿರಲಿಲ್ಲ, ಆ ಡಬ್ಬ ಇದ್ದದ್ದೇ ತಲೆಯ ಮೇಲೆ. ಇಡೀ ಚಾಂಪಿಯನ್ ರೀಫ್ಸ್‌ನಲ್ಲಿ ಅದು ತನ್ನದಲ್ಲ ಎಂದವನು ನಾನೊಬ್ಬನೇ.

ಅಮ್ಮಂದಿರು ಒಬ್ಬೊಬ್ಬ ಮಗನ ಬೆನ್ನಿಗೂ ಒಂದೊಂದು ಗುದ್ದಿದರು. ಆಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡರು. ಮುದಲಾಳಿ ಡಬ್ಬ ಎತ್ತಿ, ಸಭೆಯಲ್ಲಿ ಸನ್ಮಾನ ಮಾಡುವ ಹಾಗೆ ಎರಡೂ ಕೈಯಲ್ಲಿ ನನಗೆ ಕೊಟ್ಟರು. "ತಗೋಪ್ಪ. ನಿಂದೇ."

ಮುಚ್ಚಳ ತೆಗೆದು ನೋಡಿದೆ. ಬೆಳಗಿನಿಂದ ಊರವರೆಲ್ಲ ಸಾಕ್ಷಿಗೆಂದು ಮುರಿದು ಮುರಿದು ತಿಂದು, ಒಳಗೆ ಉಳಿದದ್ದು ತಳ ಹಿಡಿದ ಒಂದು ಕರಿ ಮೂಲೆ. ಅದನ್ನೇ ಕೆರೆದು, ನಿಂತಲ್ಲೇ ತಿಂದೆ. ಹುಡುಗರು ಬಾಯಿ ಬಿಟ್ಟುಕೊಂಡು ನನ್ನ ಮುಖ ನೋಡುತ್ತಿದ್ದರು. "ಎಂಗೈತಣ್ಣ?" ಎಂದ ಉದ್ದನೆಯವನು. ಅಷ್ಟು ಕೆಟ್ಟ ಕೇಕು ನಾನು ಅದುವರೆಗೆ ಬೇಯಿಸಿರಲಿಲ್ಲ. "ಇನ್ನೊಂದ್ ಲೋಟ ಸುರೀಬೇಕಿತ್ತು ಕಣ್ಲಾ," ಎಂದೆ.

ಖಾಲಿ ಡಬ್ಬವನ್ನು ತೊಳೆದು, ಅವತ್ತೇ ಒಂದು ಮೊಳೆ ತೆಗೆದುಕೊಂಡು ನನ್ನ ಹೆಸರನ್ನು ನಾಲ್ಕೂ ಕಡೆ ದೊಡ್ಡದಾಗಿ ಗೀಚಿಟ್ಟೆ. ಬೇರೆ ಯಾರಿಗೂ ಅಲ್ಲ, ಮುಂದಿನ ವರ್ಷ ನನಗೇ ಗೊತ್ತಾಗಲಿ ಎಂದು.